ಗಾರುಡಿಗನ ಬಟ್ಟಲಿಗೂ ಕಪಾಟಿನಲ್ಲಿ ಜಾಗ ಬೇಕು

ಜಾದೂಪ್ರಿಯರು ಹಳೆಯ ಪೋಸ್ಟರು, ಇಸ್ಪೀಟು ಕಟ್ಟು, ಪುಸ್ತಕಗಳನ್ನು ಜತನದಿಂದ ಕಾಪಿಡುತ್ತಾರೆ. ಜಾದೂಗಾರ ಹೌಡಿನಿ ಕೂಡಿಸಿದ್ದ ಸುಮಾರು 4,000 ಪುಸ್ತಕಗಳು 1927ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ನಮ್ಮ ಬೀದಿ ಗಾರುಡಿಗರ ಮರದ ಬಟ್ಟಲು, ಬಟ್ಟೆಯ ಚೆಂಡುಗಳಿಗೂ ಅಷ್ಟೇ ಗೌರವ ಸಲ್ಲಬೇಕು. ಬೋರಲು ಬಟ್ಟಲಿನ ನೆತ್ತಿಯ ಗುಬಟನ್ನು ಬೆರಳ ಸಂದಿಯಲ್ಲಿ ಹಿಡಿದೆತ್ತುವ ಆ ವಿನ್ಯಾಸ ಎಷ್ಟು ಚೆಂದ! ಪ್ರದರ್ಶನಕ್ಕಿಟ್ಟರೆ ಗುಟ್ಟು ಬಯಲಾಗದೇ ಎನ್ನಬಹುದು. ಗುಟ್ಟಿರುವುದು ಕೈಚಳಕದಲ್ಲಿ, ಬಟ್ಟಲಿನಲ್ಲಲ್ಲ. ಕುದೂರಿನ ಆಸಕ್ತರು ಇಂಥದನ್ನು ಮಾಡಿಸಲು ಬಹುದೂರ ಹೋಗಬೇಕಿಲ್ಲ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಡುವ ಕುಶಲಕರ್ಮಿಗಳು ಚನ್ನಪಟ್ಟಣದಲ್ಲೇ ಇದ್ದಾರೆ. ಹೊಸದು ಹಳೆಯದರ ಬೆಲೆ ಪಡೆಯದು ಎಂಬ ಆಕ್ಷೇಪ ನಿಜವೇ. ಆದ್ದರಿಂದಲೇ, ಗಾರುಡಿಗನ ಕೈಯಲ್ಲಿ ಸವೆದ ಬಟ್ಟಲು ಸಿಕ್ಕರೆ ನ್ಯಾಯವಾದ ಬೆಲೆ ಕೊಟ್ಟು, ಅವನ ಆಟದ ಮಾತುಗಳನ್ನೂ ಬರೆದಿಟ್ಟುಕೊಳ್ಳಬೇಕು.