ಭಾನುವಾರದ ಪೂಜೆಗೆ ಯಾವ ಹೊತ್ತು?

ಭಾನುವಾರ ಬೆಳಿಗ್ಗೆ ಆರು ಗಂಟೆ. ವಿಜಯನಗರದ ಬೀದಿಯಲ್ಲಿ ಹಾಲಿನವನನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಆದರೆ ಕಥೋಲಿಕರ ಮನೆಯೊಂದಿದ್ದರೆ ಅಲ್ಲಿ ದೀಪ ಹತ್ತಿರುತ್ತದೆ, ನೀರು ಕಾಯುತ್ತಿರುತ್ತದೆ, ಮಕ್ಕಳನ್ನು ಎಬ್ಬಿಸುವ ತಾಯಿಯ ದನಿ ಮೂರನೆಯ ಬಾರಿಗೆ ಏರಿರುತ್ತದೆ. 'ಬೀದಿಗೆಲ್ಲಾ ರಜೆ, ನಮಗೆ ಮಾತ್ರ ಯಾಕಿಲ್ಲ?' ಎಂದು ಹೊದಿಕೆಯೊಳಗಿಂದ ಕೇಳುವ ಹುಡುಗನಿಗೆ ಉತ್ತರ ಹೇಳುವುದು ಹಿಂದೆ ಸುಲಭವಿತ್ತು. ಈಗ ಹಾಗಿಲ್ಲ.

ಏಕೆಂದರೆ ಆ ಮನೆಯ ಭಾನುವಾರಕ್ಕೆ ಈಗ ನಾಲ್ಕು ಕಡೆಯಿಂದ ಎಳೆತ. ತಂದೆಗೆ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ, ಇಲ್ಲವೇ ಮೈಸೂರು ರಸ್ತೆಯ ಸಾಫ್ಟ್‌ವೇರ್ ಕಚೇರಿಯಲ್ಲಿ ಮುಗಿಯದ ಕೆಲಸ. ತಾಯಿ ನರ್ಸ್ ಆಗಿದ್ದರೆ ವಾರದ ಯಾವ ದಿನ ರಜೆ ಎಂಬುದು ಪಟ್ಟಿ ಬಂದಾಗಲೇ ಗೊತ್ತು. ಪಿಯುಸಿಯ ಮಗಳಿಗೆ ಕೋಚಿಂಗ್. ಇವೆಲ್ಲದರ ಮೇಲೆ ಪಕ್ಕದ ಮನೆಯವರ ಮದುವೆ, ಅದರ ಮುಹೂರ್ತವೂ ಭಾನುವಾರವೇ!

ವಾರಕ್ಕೊಂದು ರಜೆ ಎಂಬುದು ದುಡಿಯುವವನಿಗೆ ತಾನಾಗಿ ಒದಗಿದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರ ನಾಯಕ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಅಲ್ಲಿಯ ಗಿರಣಿಗಳಿಗೆ ಭಾನುವಾರದ ರಜೆ ಗಿಟ್ಟಿಸಿಕೊಟ್ಟರು. ಅವರು ಕ್ರೈಸ್ತರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1948ರ ಕಾರ್ಖಾನೆ ಕಾಯ್ದೆ ವಾರದ ಮೊದಲ ದಿನವೇ ರಜೆ ಎಂದಿತು. ಆದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಒಂದನ್ನು ಬದಲಿಗೆ ಕೊಡಬಹುದೆಂದೂ ಸೇರಿಸಿತು. ಆ ಸಣ್ಣ ಸೇರಿಕೆಯೇ ಎಷ್ಟೋ ಮನೆಗಳ ಭಾನುವಾರವನ್ನು ಮಂಗಳವಾರ ಮಾಡಿತು.

ಧರ್ಮಸಭೆಯೂ ಕಾಲ ನೋಡಿ ಕೊಂಚ ಕೊಂಚವಾಗಿ ಬಗ್ಗಿದೆ. ಇಂದಿನ ಮಕ್ಕಳಿಗೆ ಇದು ತಿಳಿದಿರಲಾರದು. 1953ಕ್ಕೆ ಮುಂಚೆ ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ಒಂದು ಗುಟುಕು ನೀರನ್ನೂ ಕುಡಿಯುವಂತಿರಲಿಲ್ಲ. ಪೂಜೆಯೂ ಬೆಳಗಿನ ಹೊತ್ತಿಗೇ. ಬಿನ್ನಿ ಮಿಲ್ಲಿನಂಥ ಕಡೆ ರಾತ್ರಿ ಪಾಳಿ ಮುಗಿಸಿ ಬರುವವನ ಪಾಡು ಹೇಗಿದ್ದೀತು? ಆ ವರ್ಷ ಪೋಪ್ ಹನ್ನೆರಡನೆಯ ಪಯಸ್ ನೀರಿಗೆ ಅನುಮತಿ ಕೊಟ್ಟರು, ಸಂಜೆ ಪೂಜೆಗೂ ಬಾಗಿಲು ತೆರೆದರು. 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಆರನೆಯ ಪೌಲರ ಕಾಲಕ್ಕೆ ಒಂದೇ ಗಂಟೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಸೇರುತ್ತದೆ. ನ್ಯಾಯವಾದ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳೇ ವಿನಾಯಿತಿ ಕೊಡಬಹುದು. ಪೂಜೆಗೆ ಹೋಗಲು ಸಾಧ್ಯವೇ ಇಲ್ಲದಾಗ ಮನೆಮಂದಿ ಸೇರಿ, ಇಲ್ಲವೇ ನಾಲ್ಕಾರು ಮನೆಯವರು ಕೂಡಿ ಪ್ರಾರ್ಥಿಸುವುದು ಒಳಿತೆಂದು ಅದೇ ಸಂಹಿತೆ ಹೇಳುತ್ತದೆ. ಜನ ಅಂದುಕೊಂಡಷ್ಟು ಕಠಿಣವೇನಲ್ಲ ಈ ಕಾನೂನು.

ಹಾಗಾದರೆ ತೊಡಕು ಎಲ್ಲಿದೆ? ಕಾನೂನು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ತಂದೆ ಶನಿವಾರ ಸಂಜೆ, ತಾಯಿ ಭಾನುವಾರ ಆರಕ್ಕೆ, ಮಗಳು ಕೋಚಿಂಗ್ ಮುಗಿಸಿ ಸಂಜೆಗೆ ಹೋದರೆ ಮೂವರ ಕರ್ತವ್ಯವೂ ಮುಗಿಯಿತು. ಆದರೆ ಒಂದೇ ಬೆಂಚಿನಲ್ಲಿ ಕೂತದ್ದು ಯಾವಾಗ? ಹೀಗೆ ಸರದಿಯ ಮೇಲೆ ಪೂಜೆ ಮುಗಿಸುವ ಮನೆಗಳು ಪಶ್ಚಿಮ ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಚಿಕ್ಕ ಮಗು ಪೂಜೆಯನ್ನು ಕಲಿಯುವುದು ಪುಸ್ತಕದಿಂದಲ್ಲ. ಅಪ್ಪ ಯಾವಾಗ ಮೊಣಕಾಲೂರುತ್ತಾನೆ, ಅಮ್ಮ ಯಾವ ಹಾಡಿಗೆ ಕಣ್ಣು ಮುಚ್ಚುತ್ತಾಳೆ ಎಂಬುದನ್ನು ಓರೆಗಣ್ಣಿನಿಂದ ನೋಡಿ ಕಲಿಯುತ್ತದೆ. ಸರದಿಯಲ್ಲಿ ಆ ಪಾಠ ತಪ್ಪಿಹೋಗುತ್ತದೆ.

ಮನೆಯನ್ನು ಒಡೆಯುವುದು ಗಡಿಯಾರವೊಂದೇ ಅಲ್ಲ, ಭಾಷೆಯೂ ಹೌದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯಲ್ಲಿ ಜನಭಾಷೆಗೆ ಎಡೆಮಾಡಿಕೊಟ್ಟ ಮೇಲೆ ಲ್ಯಾಟಿನ್ನಿನ ಜಾಗಕ್ಕೆ ಯಾವ ಭಾಷೆ ಬರಬೇಕೆಂದು ಬೆಂಗಳೂರಿನಲ್ಲಿ ದೊಡ್ಡ ಜಗ್ಗಾಟವೇ ನಡೆಯಿತು. ಕನ್ನಡ ಕಥೋಲಿಕರು ತಮ್ಮ ನೆಲದಲ್ಲೇ ಕನ್ನಡ ಪೂಜೆಗಾಗಿ ಹೋರಾಡಬೇಕಾಯಿತು. ಈಗ ಚರ್ಚುಗಳಲ್ಲಿ ಕನ್ನಡಕ್ಕೊಂದು ಹೊತ್ತು, ತಮಿಳಿಗೊಂದು, ಇಂಗ್ಲಿಷಿಗೊಂದು. ಅಜ್ಜಿಗೆ ಕನ್ನಡ ಪೂಜೆ ಬೇಕು, ಇಂಗ್ಲಿಷ್ ಮಾಧ್ಯಮದ ಮೊಮ್ಮಗನಿಗೆ ಪ್ರಬೋಧನೆ ಇಂಗ್ಲಿಷಿನಲ್ಲೇ ಆಗಬೇಕು. ಇಂಥಲ್ಲಿ ಅಜ್ಜಿಯ ಹೊತ್ತಿಗೇ ಎಲ್ಲರೂ ಹೊರಡುವುದು ಮೇಲು. ಹುಡುಗ ಒಂದೆರಡು ತಿಂಗಳು ಗೊಣಗಬಹುದು, ಕನ್ನಡವಂತೂ ಕಲಿಯುತ್ತಾನೆ.

ಇನ್ನು ಮದುವೆಯ ಮಾತು. ರಾಜಾಜಿನಗರದ ಕಲ್ಯಾಣ ಮಂಟಪದಲ್ಲಿ ನೆರೆಮನೆಯ ಹುಡುಗಿಯ ಧಾರೆ ಬೆಳಿಗ್ಗೆ ಎಂಟೂವರೆಗೆ ಇರುತ್ತದೆ. ಹೋಗದಿದ್ದರೆ ಮನಸ್ಸಿಗೆ ನೋವು, ಅವರಿಗೂ ಇವರಿಗೂ. ಕ್ರಿಸ್ಮಸ್ಸಿಗೆ ಕಜ್ಜಾಯ, ಕರ್ಜಿಕಾಯಿಯ ತಟ್ಟೆ ತೆಗೆದುಕೊಂಡ ಮನೆ ಅದು. ಅಪ್ಪನಿಗೆ ಜ್ವರ ಬಂದ ರಾತ್ರಿ ಆಟೊ ತಂದವರೂ ಅವರೇ. ಹಲವರು ಶನಿವಾರದ ಆರತಕ್ಷತೆಗೆ ಹೋಗಿ ಉಡುಗೊರೆ ಕೊಟ್ಟು ಭಾನುವಾರವನ್ನು ಉಳಿಸಿಕೊಳ್ಳುತ್ತಾರೆ. ಧಾರೆಗೇ ಬರಬೇಕೆಂದು ನೆರೆಯವರು ಕೈಹಿಡಿದು ಕರೆದರೆ ಶನಿವಾರ ಸಂಜೆಯ ಪೂಜೆ ಇದ್ದೇ ಇದೆ. ಇಡೀ ಮನೆ ಒಟ್ಟಿಗೆ ಹೋಗಲಿ ಎಂಬುದಷ್ಟೇ ಮುಖ್ಯ. ಒಂದು ನಿಜವನ್ನು ಹೇಳಿಬಿಡಬೇಕು. 'ನಮಗೆ ಪೂಜೆ ಇದೆ' ಎಂದು ಸಂಕೋಚವಿಲ್ಲದೆ ಹೇಳಿದವರನ್ನು ನೆರೆಯವರು ತಪ್ಪು ತಿಳಿಯುವುದು ಅಪರೂಪ. ಅವರಿಗೂ ಏಕಾದಶಿ, ವ್ರತ, ಮಡಿ ಉಂಟು. ನೆಪ ಹೇಳಿ ತಪ್ಪಿಸಿಕೊಂಡವರ ಮೇಲೆಯೇ ಬೇಸರ ಹುಟ್ಟುವುದು.

ವಿದ್ಯಾರ್ಥಿಗಳ ಪಾಡು ಮಾತ್ರ ಇಷ್ಟು ಸರಳವಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ 2024ರಲ್ಲಿ ಮೇ 5ರಂದು, 2025ರಲ್ಲಿ ಮೇ 4ರಂದು ನಡೆಯಿತು. ಎರಡೂ ಭಾನುವಾರ. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ, ಒಂದೂವರೆಯ ಮೇಲೆ ಒಳಗೆ ಬಿಡುವುದಿಲ್ಲ. ಕೆಂಗೇರಿಯ ಮನೆಯಿಂದ ನಗರದ ಆಚೆ ತುದಿಯ ಕೇಂದ್ರಕ್ಕೆ ಹೋಗಬೇಕಾದವಳು ಹನ್ನೊಂದಕ್ಕಾದರೂ ಹೊರಡಬೇಕು. ಆರೂವರೆಯ ಪೂಜೆ ಇದ್ದರೆ ಎಂಟರೊಳಗೆ ಮನೆಗೆ ಬಂದು ತಿಂಡಿ ತಿಂದು ಒಂದು ಗಂಟೆ ಮಲಗಲೂ ಸಮಯವಿದೆ. ಆದರೆ ಮೆಟ್ರೊ ನಂಬಿ ಪೂಜೆಗೆ ಹೋಗುವವರು ಭಾನುವಾರ ಅದು ವಾರದ ದಿನಗಳಿಗಿಂತ ತಡವಾಗಿ ಹೊರಡುತ್ತದೆಂಬುದನ್ನು ಮರೆಯಬಾರದು. ರಾತ್ರಿಯೆಲ್ಲಾ ನಿದ್ದೆಗೆಟ್ಟ ಮಗುವನ್ನು ಅಂದು ಎಳೆದೊಯ್ಯುವ ಹಟ ಬೇಡ, ಹಿಂದಿನ ಸಂಜೆಯೇ ಹೋಗಿಬರಬಹುದು. ಆದರೆ ಪಿಯುಸಿ ಎಂಬ ಒಂದೇ ಕಾರಣಕ್ಕೆ ಎರಡು ವರ್ಷ ಪೂಜೆಯಿಂದಲೇ ಬಿಡುವು ಕೊಡುವ ತಂದೆತಾಯಿಗಳು ಎಡವುತ್ತಾರೆ. ವಾರದಲ್ಲಿ ಒಂದು ಗಂಟೆ ಪುಸ್ತಕ ಮುಚ್ಚಿದ್ದರಿಂದ ಯಾವ ರ‍್ಯಾಂಕೂ ಕೈಬಿಟ್ಟು ಹೋಗುವುದಿಲ್ಲ. ಎರಡು ವರ್ಷ ತಪ್ಪಿದ ಅಭ್ಯಾಸವನ್ನು ಹದಿನೆಂಟರ ಹುಡುಗನಿಗೆ ಮತ್ತೆ ಹಿಡಿಸುವುದೆಷ್ಟು ಕಷ್ಟವೆಂಬುದು ದೊಡ್ಡ ಮಕ್ಕಳ ತಾಯಂದಿರಿಗೆ ಗೊತ್ತು.

2024ರ ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಇದಕ್ಕಿಂತ ಬಿಗಿಯಾಗಿತ್ತು. ಪರೀಕ್ಷೆ ಶುರುವಾದದ್ದೇ ಪವಿತ್ರ ವಾರದ ಸೋಮವಾರ, ಮಾರ್ಚ್ 25ರಂದು. ಬುಧವಾರ ಸಮಾಜ ವಿಜ್ಞಾನ. 28ರ ಗುರುವಾರ ಸಂಜೆ ಪಾದ ತೊಳೆಯುವ ವಿಧಿಯ ಪೂಜೆ, 29 ಶುಭ ಶುಕ್ರವಾರ, ಮಾರನೆಯ ದಿನವೇ ವಿಜ್ಞಾನ. ಅಂದು ರಾತ್ರಿ ಪಾಸ್ಕ ಜಾಗರಣೆ. ಶುಕ್ರವಾರದ ಆರಾಧನೆಗೆ ಮಕ್ಕಳನ್ನು ಕರೆದೊಯ್ಯಬೇಕೇ ಬೇಡವೇ ಎಂದು ಎಷ್ಟು ಮನೆಗಳಲ್ಲಿ ಚರ್ಚೆಯಾಗಿರಬಹುದು! ಬೆಳಗಿನ ಶಿಲುಬೆ ಹಾದಿಯನ್ನು ಬಿಟ್ಟು, ಮಧ್ಯಾಹ್ನದ ಆರಾಧನೆಗೆ ಮಾತ್ರ ಹೋಗಿ, ಸಂಜೆಯಿಡೀ ಓದುವುದಕ್ಕೆ ಅವಕಾಶವಿತ್ತು. ಶನಿವಾರ ಪರೀಕ್ಷೆ ಬರೆದು ಬಂದವರಿಗೆ ಸಂಜೆಯವರೆಗೆ ನಿದ್ದೆ, ರಾತ್ರಿ ಮೇಣದ ಬತ್ತಿ ಹಿಡಿದು ಕತ್ತಲ ಚರ್ಚಿನಲ್ಲಿ ಅಪ್ಪ ಅಮ್ಮನ ಪಕ್ಕ ನಿಲ್ಲುವುದು. ಮುಂದಿನ ಪರೀಕ್ಷೆ ಗಣಿತ, ಅದಕ್ಕೆ ಇನ್ನೂ ಎರಡು ದಿನ ಉಳಿದಿತ್ತು.