ಐದು ಲೀಟರಿನ ಪೆಟ್ಟಿಗೆಯಲ್ಲಿ ಗಂಗೂಬಾಯಿ

ಗಂಗೂಬಾಯಿ ಹಾನಗಲ್ಲರ ದನಿಯನ್ನು ದಾಟಿಸುವುದು ಸ್ಪೀಕರಿಗೆ ಕಠಿಣ ಪರೀಕ್ಷೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ತಗ್ಗಿ, ತೂಕ ಬಂದ ದನಿ ಅದು. ಬಾಸ್ ಉಬ್ಬಿಸುವ ಸ್ಪೀಕರಿನಲ್ಲಿ ಕೊಡದೊಳಗಿಂದ ಬಂದಂತೆ ಗುಂಯ್‌ಗುಡುತ್ತದೆ. ಮೇಲಿನ ಸ್ವರಗಳಿಗೆ ಹೊಳಪು ಬಳಿಯುವ ಸ್ಪೀಕರಿನಲ್ಲಿ ಅದರ ಗಡಸುತನವೇ ಮುಳ್ಳಾಗುತ್ತದೆ. ಗೆಳೆಯರೊಬ್ಬರ ಮನೆಯಲ್ಲಿ ಒಂದು ಸಂಜೆ ಆ ದನಿ ಹೀಗೂ ಆಗಲಿಲ್ಲ, ಹಾಗೂ ಆಗಲಿಲ್ಲ. ಎದುರಿಗೆ ಕೂತ ಹಿರಿಯರೊಬ್ಬರು ಉಸಿರೆಳೆದುಕೊಂಡು ಷಡ್ಜ ಹಚ್ಚಿದಂತಿತ್ತು. ತಂಬೂರಿಯ ಜವಾರಿ ಅವರ ಹಿಂದೆ, ಒಂದು ಮಾರು ದೂರದಲ್ಲಿ ಮಿಡಿಯುತ್ತಿತ್ತು.

ಸ್ಟ್ಯಾಂಡಿನ ಮೇಲಿದ್ದ ಎರಡು ಮರದ ಪೆಟ್ಟಿಗೆಗಳಲ್ಲಿ ಒಂದೊಂದರ ಒಳಗೂ ಐದು ಲೀಟರಿನ ಎಣ್ಣೆ ಡಬ್ಬದಷ್ಟೇ ಜಾಗ. ಹೊರಗಿನಿಂದ ಸುಮಾರು 30 ಸೆಂಟಿಮೀಟರ್ ಎತ್ತರ, 19 ಅಗಲ, 16 ಆಳ. ಬಿಬಿಸಿಗಾಗಿ 1970ರ ದಶಕದಲ್ಲಿ ರೂಪುಗೊಂಡ 'ಎಲ್‌ಎಸ್3/5ಎ' ಮಾದರಿಯವು. ಅಂಥ ಹಳೆಯ ಜೋಡಿಯೊಂದು ಮಾರಾಟಕ್ಕೆ ಬಂತೆಂದರೆ ಕೊಳ್ಳಲು ಇಂದೂ ಜನ ಕಾಯುತ್ತಾರೆ. ಫೋನಿನಲ್ಲೇ ಜಗತ್ತಿನ ಸಂಗೀತವೆಲ್ಲ ಇರುವ ಕಾಲದಲ್ಲಿ ಯಾಕೆ ಈ ಕಾತರ? ಬರೀ ಹಳೆಯದರ ಮೇಲಿನ ಮೋಹ ಎಂದು ಮೊದಲು ನಾನೂ ತಿಳಿದಿದ್ದೆ. ಇವು ಹುಟ್ಟಿದ ಬಗೆಯನ್ನು ಓದುತ್ತಾ ಹೋದ ಹಾಗೆ ಆ ಉತ್ತರ ಸಾಲದೆನಿಸಿತು.

ಗಾಳಿಯೇ ಸ್ಪ್ರಿಂಗು

ಸ್ಪೀಕರಿನ ಕೋನ್ ಹಿಂದೆ ಮುಂದೆ ಆಡಿದಾಗ ನಾದ ಹುಟ್ಟುತ್ತದೆ. ಸ್ವರ ಮಂದ್ರಕ್ಕಿಳಿದಷ್ಟೂ ಕೋನ್ ಹೆಚ್ಚು ದೂರ ಆಡಬೇಕು, ಆಡಿದ್ದು ತಿರುಗಿ ತನ್ನ ಜಾಗಕ್ಕೆ ಬರಬೇಕು. ಹಿಂದೆಲ್ಲ ಅದನ್ನು ಎಳೆದು ತರುತ್ತಿದ್ದದ್ದು ಕೋನಿನ ಬಿಗಿಯಾದ ಅಂಚು ಮತ್ತು ಹಿಂಬದಿಯ ಆಸರೆ. ಕೋನ್ ದೂರ ಹೋದಂತೆ ಅವುಗಳ ಎಳೆತ ಏರುಪೇರಾಗಿ ಸ್ವರ ಕೆಡುತ್ತಿತ್ತು. ಹಾಗಾಗಿ ಒಳ್ಳೆಯ ಬಾಸ್ ಬೇಕೆಂದವರು ಬೀರುವಿನಂಥ ಪೆಟ್ಟಿಗೆಗೆ ಮನೆಯಲ್ಲಿ ಜಾಗ ಮಾಡಬೇಕಿತ್ತು.

ಅಮೆರಿಕದ ಎಡ್ಗರ್ ವಿಲ್ಚರ್ ಇದಕ್ಕೊಂದು ಸರಳ ಉಪಾಯ ಕಂಡುಕೊಂಡರು. ಕೋನನ್ನು ಸಡಿಲವಾಗಿ ತೂಗುಹಾಕಿ, ಪೆಟ್ಟಿಗೆಯನ್ನು ಎಲ್ಲ ಕಡೆಯಿಂದಲೂ ಭದ್ರವಾಗಿ ಮುಚ್ಚಿಬಿಟ್ಟರು. ಒಳಗೆ ಸಿಕ್ಕಿಬಿದ್ದ ಗಾಳಿಯೇ ಈಗ ಸ್ಪ್ರಿಂಗು. ಕೋನ್ ಒಳಕ್ಕೆ ಬಂದರೆ ಗಾಳಿ ತಳ್ಳುತ್ತದೆ, ಹೊರಕ್ಕೆ ಹೋದರೆ ಎಳೆಯುತ್ತದೆ. ಬಟ್ಟೆ, ಕಾಗದಗಳ ಎಳೆತಕ್ಕಿಂತ ಗಾಳಿಯ ಎಳೆತ ಎಷ್ಟೋ ಹದವಾದದ್ದು. 1954ರಲ್ಲಿ ವಿಲ್ಚರ್, ತಮ್ಮ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಜೊತೆಗೂಡಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ತೆರೆದರು. ಪುಸ್ತಕದ ಕಪಾಟಿನಲ್ಲಿ ಕೂರುವ ಸ್ಪೀಕರಿನಿಂದಲೂ ಗಂಭೀರ ಮಂದ್ರ ಹೊಮ್ಮಿತು.

ಕಾಲವೂ ಕೂಡಿಬಂತು. 1958ರಲ್ಲಿ ಸ್ಟೀರಿಯೊ ಎಲ್‌ಪಿ ತಟ್ಟೆಗಳು ಮಾರುಕಟ್ಟೆಗೆ ಬಂದವು. ಒಂದು ಬೀರುವಿಗೆ ಹೇಗೋ ಜಾಗ ಮಾಡಿದ್ದ ಮನೆಯಲ್ಲಿ ಎರಡನೆಯದನ್ನು ಇಡುವುದೆಲ್ಲಿ? ಅದೇ ವರ್ಷ ಬಂದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್-3 ಸ್ಪೀಕರ್ ಅದಕ್ಕೆ ಉತ್ತರವಾಯಿತು. ತಾರಸ್ವರ ನುಡಿಸುವ ಗುಮ್ಮಟದಾಕಾರದ ಟ್ವೀಟರನ್ನು ಮನೆಮನೆಗೆ ತಂದದ್ದೂ ಅದೇ. ಕಂಪನಿ ತನ್ನ ಸ್ಪೀಕರನ್ನು ಸಭೆಯ ಮುಂದೆಯೇ ಪರೀಕ್ಷೆಗೊಡ್ಡಿತು. ಫೈನ್ ಆರ್ಟ್ಸ್ ಕ್ವಾರ್ಟೆಟ್ ತಂಡದವರು ವೇದಿಕೆಯಲ್ಲಿ ನುಡಿಸುತ್ತಾ ನಡುವೆ ಕಮಾನನ್ನು ಬರೀ ಆಡಿಸುತ್ತಿದ್ದರು. ಆಗ ನುಡಿಯುತ್ತಿದ್ದದ್ದು ಸ್ಪೀಕರ್. ಯಾವಾಗ ಬದಲಾಯಿತೆಂದು ಗುರುತಿಸಲು ಕೇಳುಗರು ತಡಕಾಡಿದರು.

ಮೂರರಲ್ಲಿ ಎರಡು

ಕ್ಲಾಸ್ 1957ರಲ್ಲಿ ಅಕೌಸ್ಟಿಕ್ ರಿಸರ್ಚ್‌ನಿಂದ ಹೊರಬಂದು ಮಾಲ್ಕಮ್ ಲೋ ಮತ್ತು ಆಂಟನ್ ಹಾಫ್‌ಮನ್ ಜೊತೆ ಕೆಎಲ್‌ಎಚ್ ಕಂಪನಿ ಕಟ್ಟಿದರು. ಹೆಸರಾಂತ ಪಿಯಾನೊ ವಾದಕ ಜೋಸೆಫ್ ಹಾಫ್‌ಮನ್ ಅವರ ಮಗನಾದ ಈ ಆಂಟನ್ ಅವರ ಹೆಸರಿನಲ್ಲಿ ಸ್ಪೀಕರ್ ಕಟ್ಟುವವರು ಇಂದಿಗೂ ಒಂದು ನಿಯಮವನ್ನು ನೆನೆಯುತ್ತಾರೆ. ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಸದ್ದು: ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು.

ಹಳೆಯ ಒಳ್ಳೆಯ ಸ್ಪೀಕರುಗಳ ಗುಟ್ಟು ಇಲ್ಲಿದೆ ಎಂದು ನನಗೆ ತೋರುತ್ತದೆ. ಏನನ್ನು ಬಿಟ್ಟುಕೊಡಬೇಕೆಂಬುದನ್ನು ಅವುಗಳನ್ನು ಕಟ್ಟಿದವರು ಮೊದಲೇ ತೀರ್ಮಾನಿಸಿದ್ದರು. ವಿಲ್ಚರ್ ಬಿಟ್ಟುಕೊಟ್ಟದ್ದು ಸದ್ದನ್ನು. ಅವರ ಸ್ಪೀಕರಿಗೆ ಕಸುವಿನ ಆಂಪ್ಲಿಫೈಯರ್ ಬೇಕಿತ್ತು. ಬಿಬಿಸಿಯ ಎಂಜಿನಿಯರುಗಳು ಇನ್ನೂ ಮುಂದೆ ಹೋದರು.

ವ್ಯಾನಿನೊಳಗೊಂದು ಕಿವಿ

ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಕೂತ ನಿರ್ಮಾಪಕರು ಪ್ರಸಾರದ ಧ್ವನಿಯನ್ನೂ ಕೇಳಬೇಕು, ಸಹೋದ್ಯೋಗಿಗಳ ಮಾತನ್ನೂ ಕೇಳಬೇಕು. ಹೆಡ್‌ಫೋನ್ ಹಾಕಿ ಕೂರುವಂತಿಲ್ಲ, ದೊಡ್ಡ ಸ್ಪೀಕರಿಗೆ ಜಾಗವಿಲ್ಲ. ಅದೇ ಹೊತ್ತಿಗೆ ಕಿಂಗ್ಸ್‌ವುಡ್ ವಾರನ್‌ನ ಬಿಬಿಸಿ ಸಂಶೋಧನಾ ಕೇಂದ್ರದಲ್ಲಿ ಸ್ಟುಡಿಯೊಗಳ ಪುಟ್ಟ ಮಾದರಿ ಕಟ್ಟಿ ಧ್ವನಿ ಪರೀಕ್ಷಿಸುವ ಕೆಲಸ ನಡೆದಿತ್ತು. ಅದಕ್ಕೆಂದು ಮಾಡಿದ ಕಿರು ಸ್ಪೀಕರೇ ಎಲ್‌ಎಸ್3/5ಎ ವಿನ್ಯಾಸಕ್ಕೆ ಬೀಜವಾಯಿತು.

ಬಿಬಿಸಿಯ ಅಳತೆಗೋಲು ಮನುಷ್ಯನ ಮಾತು. ನಮಗೆ ಹುಟ್ಟಿನಿಂದಲೂ ಪರಿಚಯವಿರುವ ನಾದ ಅದು. ಎಳ್ಳಷ್ಟು ಬಣ್ಣ ಬೆರೆತರೂ ಕಿವಿಗೆ ಗೊತ್ತಾಗುತ್ತದೆ. ಆ ಅಳತೆಗೆ ತಕ್ಕಂತೆ ಪ್ರತಿ ಭಾಗವನ್ನೂ ತಿದ್ದಿದರು. ಕಾಗದದ ಕೋನಿನ ಗುಣ ಒಂದೊಂದು ಕಂತಿಗೂ, ಹವೆಯ ತೇವಕ್ಕೂ ಬದಲಾಗುತ್ತದೆಂದು ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನ ಕೋನ್ ಬಳಸಿದರು. ಪೆಟ್ಟಿಗೆಗೆ 12 ಮಿಲಿಮೀಟರಿನ ತೆಳು ಬರ್ಚ್ ಪ್ಲೈವುಡ್ ಹಾಕಿ, ಅದು ತಾನೇ ನುಡಿಯದಂತೆ ಒಳಗೋಡೆಗೆ ಡಾಂಬರಿನಂಥ ಹಾಳೆ ಹೊದಿಸಿದರು. ಅಂಚಿಗೆ ಬಡಿದ ತಾರಸ್ವರ ಚದುರದಂತೆ ಟ್ವೀಟರಿನ ಸುತ್ತ ಉಣ್ಣೆಯ ಫೆಲ್ಟ್ ಕಟ್ಟಿದರು. ಹಾರ್ವುಡ್, ವಾಟನ್, ಮಿಲ್ಸ್ ಎಂಬ ಮೂವರು 1976ರ ವರದಿಯಲ್ಲಿ ಇದನ್ನೆಲ್ಲ ಬಿಡಿಸಿ ಬರೆದಿಟ್ಟಿದ್ದಾರೆ. ತೀರ ಕೆಳಗಿನ ಮಂದ್ರ ಇದರಲ್ಲಿಲ್ಲ, ಗೋಡೆ ನಡುಗಿಸುವ ಸದ್ದೂ ಇಲ್ಲ. ಮೂರರಲ್ಲಿ ಎರಡನ್ನೇ ಬಿಟ್ಟು, ಅಂಗೈಯಗಲದ ಜಾಗದಲ್ಲಿ ದನಿಯೊಂದನ್ನು ಉಳಿಸಿಕೊಂಡ ಸ್ಪೀಕರ್ ಇದು.

ಪರವಾನಗಿ ಪಡೆದ ರಾಜರ್ಸ್, ಸ್ಪೆಂಡಾರ್, ಹಾರ್ಬೆತ್ ಮೊದಲಾದ ಕಂಪನಿಗಳು ಇದನ್ನು ತಯಾರಿಸಿದವು. ಒಳಗಿನ, ಮಂದ್ರ ನುಡಿಸುವ ವೂಫರ್ ಮತ್ತು ಟ್ವೀಟರ್ ಬಂದದ್ದು ಕೆಇಎಫ್ ಕಂಪನಿಯಿಂದ. ಅಲ್ಲಿ ಅವನ್ನು ವಿನ್ಯಾಸ ಮಾಡಿದ್ದ ಮಾಲ್ಕಮ್ ಜೋನ್ಸ್ ಮುಂದೆ ಕಟ್ಟಿದ ಫಾಲ್ಕನ್ ಕಂಪನಿ, ಅವೇ ಭಾಗಗಳನ್ನು ಮತ್ತೆ ರೂಪಿಸಿ ಈ ಸ್ಪೀಕರನ್ನು ಹೊಸದಾಗಿ ತಯಾರಿಸುತ್ತಿದೆ.

ಪ್ರಸಾರದ ಕೆಲಸಕ್ಕೆಂದು ಹುಟ್ಟಿದ ಬಿಬಿಸಿ ಸ್ಪೀಕರ್ ಹೀಗೆ ಮನೆ ಸೇರಿತು. ಜಪಾನಿನ ಯಮಾಹಾ 1978ರಲ್ಲಿ ತಂದ ಎನ್‌ಎಸ್-10ರ ಹಾದಿ ತಿರುಗುಮುರುಗು. ಬಿಳಿ ಕೋನಿನ ಈ ಮುಚ್ಚಿದ ಪೆಟ್ಟಿಗೆ ಮನೆಗೆಂದು ಹುಟ್ಟಿ, ಮನೆಗಳಲ್ಲಿ ಸೋತು, ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ನೆಲೆ ಕಂಡಿತು. ಧ್ವನಿಮುದ್ರಣದ ತಪ್ಪನ್ನು ಅದು ಮುಚ್ಚಿಡುತ್ತಿರಲಿಲ್ಲ. 2008ರಲ್ಲಿ ಅದಕ್ಕೆ ಟೆಕ್ನಿಕಲ್ ಗ್ರ್ಯಾಮಿ ಗೌರವ ಸಂದಿತು.

ಎರಡು ತಂತಿಯ ನಂಟು

ಹಳೆಯ ಸ್ಪೀಕರಿನ ಬೆನ್ನಿಗಿರುವುದು ಎರಡು ತಿರುಪುಗಳು, ಒಂದು ಕೆಂಪು, ಒಂದು ಕಪ್ಪು. ಎರಡು ತಂತಿ ಸಿಕ್ಕಿಸಿದರೆ 1976ರ ಸ್ಪೀಕರ್ ಇವತ್ತು ಕೊಂಡ ಆಂಪ್ಲಿಫೈಯರಿಗೆ ಓಗೊಡುತ್ತದೆ. ಬ್ಯಾಟರಿ ಸತ್ತಿತು, ಆ್ಯಪ್ ನಿಂತಿತು ಎಂಬ ಮಾತೇ ಅಲ್ಲಿಲ್ಲ.

ಹಾಗೆಂದು ಅವಕ್ಕೆ ಮುಪ್ಪಿಲ್ಲವೆಂದಲ್ಲ. ಕೋನಿನ ಅಂಚು ರಬ್ಬರಿನದಾದರೆ ದಶಕಗಟ್ಟಲೆ ಬಾಳುತ್ತದೆ. ಫೋಮಿನದಾದರೆ ಗಾಳಿಯ ತೇವ ಅದನ್ನು ಒಳಗೊಳಗೇ ಕೊರೆಯುತ್ತದೆ. ನಮ್ಮ ಕರಾವಳಿಯ ಹವೆ ಅದಕ್ಕೆ ದೊಡ್ಡ ಶತ್ರು. ಸ್ವರಗಳನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನ ಹಳೆಯ ಕೆಪಾಸಿಟರುಗಳೂ ಒಣಗುತ್ತವೆ. ಹಳೆಯ ಜೋಡಿ ಕೊಳ್ಳುವವರು ಜಾಲರಿ ತೆಗೆಸಿ ಅಂಚನ್ನು ನೋಡಬೇಕು. ಕೋನನ್ನು ಬೆರಳುಗಳಿಂದ ಸಮವಾಗಿ, ಮೆಲ್ಲಗೆ ಒತ್ತಬೇಕು. ಕರಕರ ಸದ್ದು ಬಂದರೆ ಒಳಗಿನ ಸುರುಳಿ ಉಜ್ಜುತ್ತಿದೆಯೆಂದು ಅರ್ಥ. ಟ್ವೀಟರಿಗೆ ಕಿವಿ ಹತ್ತಿರ ಹಿಡಿದು, ಎರಡೂ ಒಂದೇ ಸಮನೆ ನುಡಿಯುತ್ತವೆಯೇ ಎಂದು ಕೇಳಬೇಕು.

ನನ್ನ ಬಳಿ ಇರುವುದು ಅಂಥ ಹೆಸರಿನ ಜೋಡಿಯೇನಲ್ಲ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿತ್ತು. ಕೆಳಗಿಳಿಸಿ ಮುಟ್ಟಿದಾಗ ಫೋಮಿನ ಅಂಚು ಒಣ ಬೆಲ್ಲದಂತೆ ಪುಡಿಯಾಯಿತು. ಹಳೆಯ ಅಂಟನ್ನು ಕೆರೆದು ತೆಗೆಯಲು ಒಂದು ಸಂಜೆ, ಹೊಸ ಅಂಚನ್ನು ಕೂರಿಸಲು ಇನ್ನೊಂದು ಸಂಜೆ ಹಿಡಿಯಿತು. ಕೋನ್ ಆಡುತ್ತದೆಯೇ ಎಂದು ನೋಡಲು ಗೋಡೆ ಗಡಿಯಾರದ ಸೆಲ್ ಒಂದನ್ನು ಎರಡು ತಂತಿಗೆ ಮುಟ್ಟಿಸಿದೆ. ಕೋನ್ ಮೆಲ್ಲಗೆ ಮುಂದಕ್ಕೆ ಬಂದು ನಿಂತಿತು.

ಮರುದಿನ ಅಂಟು ಒಣಗಿದ ಮೇಲೆ ಗಂಗೂಬಾಯಿಯವರದೇ ಹಾಡು ಹಚ್ಚಿದೆ. ಗೆಳೆಯರ ಮನೆಯಲ್ಲಿ ಕೇಳಿದಷ್ಟು ನಿಚ್ಚಳವಾಗಿರಲಿಲ್ಲ. ಬಾಸ್ ತುಸು ಉಬ್ಬಿತ್ತು, ತಂಬೂರಿ ಮುಂದಕ್ಕೆ ಬಂದಿತ್ತು. ಆದರೆ ಷಡ್ಜಕ್ಕೆ ಮುಂಚಿನ ಆ ಉಸಿರು ಮಾತ್ರ ಕೇಳಿತು.