ಒಂದು ಸೀರೆಗೆ ಒಂದು ಕೌದಿ

ಐದೂವರೆ ಮೀಟರಿನ ಹತ್ತಿ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ ನೋಡಿ. ಆರಡಿ ಉದ್ದ, ನಾಲ್ಕಡಿಗೆ ತುಸು ಕಡಿಮೆ ಅಗಲ, ಮೂರು ಪದರ. ಒಬ್ಬರು ಹೊದೆಯುವ ಕೌದಿಗೆ ಬೇಕಾದದ್ದು ಇಷ್ಟೇ. ಮೇಲೆ ಚೂರು ಬಟ್ಟೆ ಕೂರಿಸಿದರೆ ನಾಲ್ಕನೇ ಪದರವೂ ಆಯಿತು. ವಿಜಯನಗರ, ಬಸವೇಶ್ವರನಗರದ ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥ ಸೀರೆಗಳ ಗಂಟು ಇದ್ದೇ ಇರುತ್ತದೆ. ಆದರೂ ಹವ್ಯಾಸಕ್ಕೆಂದು ಹೊರಟವರು ಮೊದಲು ಹೊಸ ಬಟ್ಟೆ, ಒಳಗೆ ತುಂಬುವ ಸಿಂಥೆಟಿಕ್ ಹಾಳೆ ಕೊಳ್ಳಲು ಅಂಗಡಿಗೆ ಓಡುತ್ತಾರೆ. ಅದರ ಅಗತ್ಯವಿಲ್ಲ. ಬೆಚ್ಚಗಿಡುವುದು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಬೆಂಗಳೂರಿನ ಚಳಿಗೆ ನಾಲ್ಕು ಪದರ ಧಾರಾಳ.

ಮೇಲಿನ ಚೂರುಗಳನ್ನು ಟೈಲರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಒಂದೆಳೆ ಕಿತ್ತು ಸುಟ್ಟು ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹೊಸ ಚೂರುಗಳನ್ನು ಮೊದಲೇ ಒಗೆದಿಡಬೇಕು. ಎಷ್ಟೋ ಸಲ ಒಗೆದ ಸೀರೆ ಇನ್ನು ಕುಗ್ಗುವುದಿಲ್ಲ, ಹೊಸ ಚೂರು ಕುಗ್ಗುತ್ತದೆ. ಎರಡನ್ನೂ ಹಾಗೇ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಸುಕ್ಕು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಹತ್ತಿದರೆ ಆ ಚೂರನ್ನು ಬಿಟ್ಟುಬಿಡಿ.

ಹೊಲಿಯುವ ಕ್ರಮದಲ್ಲಿ ನಾನು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಪಕ್ಷ. ಪಶ್ಚಿಮದ ಪದ್ಧತಿಯಲ್ಲಿ ಸಾಮಾನ್ಯವಾಗಿ ಚೂರುಗಳನ್ನೆಲ್ಲ ಮೊದಲು ಜೋಡಿಸಿ ಮೇಲ್ಪದರ ಮಾಡಿಕೊಂಡು, ಆಮೇಲೆ ಪದರಗಳನ್ನು ಒಟ್ಟು ಹೊಲಿಯುತ್ತಾರೆ. ಸಿದ್ದಿಯರಲ್ಲಿ ಎರಡೂ ಕೆಲಸ ಒಟ್ಟಿಗೇ ಆಗುತ್ತದೆ. ಒಂದು ಮೂಲೆಯಲ್ಲಿ ಮೊದಲ ಚೂರನ್ನಿಟ್ಟು ಅಂಚು ಒಳಗೆ ಮಡಿಸಿ, ಎಲ್ಲ ಪದರಗಳನ್ನೂ ಚುಚ್ಚಿ ಹೊಲಿಯುವುದು. ಅದರ ಮಡಿಸದ ಅಂಚನ್ನು ಪಕ್ಕದ ಚೂರು ಮುಚ್ಚುತ್ತದೆ. ಹೀಗೆ ಸುತ್ತು ಹಾಕುತ್ತ ನಡುವಿಗೆ ಬಂದರೆ ಕೌದಿ ಮುಗಿಯಿತು. ಚೂರು ಒಂದೇ ಅಳತೆಯದಿರಬೇಕೆಂದಿಲ್ಲ. ಅಳತೆಪಟ್ಟಿಯನ್ನು ಪೆಟ್ಟಿಗೆಗೆ ಹಾಕಬಹುದು. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫೂಲ’ ಇಡುವುದು ಅವರ ರೂಢಿ.

ಈ ಕ್ರಮಕ್ಕೂ ಒಂದು ತೊಡಕಿದೆ. ಅಂಚಿನಿಂದ ಒಳಕ್ಕೆ ಹೋಗುವಾಗ ಸಡಿಲವೆಲ್ಲ ನಡುವಿಗೆ ಸರಿದು ಉಬ್ಬುತ್ತದೆ. ಅದಕ್ಕೇ ಮೊದಲು ಸೀರೆಯನ್ನು ನೆಲಕ್ಕೆ ಹಾಸಿ, ಅಂಗೈಯಲ್ಲಿ ಸವರಿ, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಕೊನೆಗೆ ಅದನ್ನು ಕಿತ್ತರಾಯಿತು. ಹೊಲಿಗೆ ಸಾಲುಗಳ ನಡುವೆ ಒಂದು ಬೆರಳಗಲ ಇರಲಿ. ಅದಕ್ಕಿಂತ ದೂರವಾದರೆ ಒಗೆದಾಗ ಒಳಪದರ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ಹತ್ತಿ ದಾರವೇ ಬೇಕು. ಎರಡೆಳೆ ಮಾಡಿದ ಮೇಲೂ ಒಂದೂವರೆ ಮೊಳ ದಾಟಬಾರದು, ದಾಟಿದರೆ ಸಿಕ್ಕಾಗುತ್ತದೆ. ಎಳೆದಾಡಿದಾಗ ಬಟ್ಟೆಯ ಬದಲು ದಾರವೇ ಹರಿಯಲಿ, ದಾರವನ್ನು ಮತ್ತೆ ಹಾಕಬಹುದು.

ಬಣ್ಣದ ವಿಷಯಕ್ಕೆ ಬಂದಾಗ ಎಲ್ಲರೂ ತಡವರಿಸುತ್ತಾರೆ. ಇದಕ್ಕೆ ಪುಸ್ತಕಕ್ಕಿಂತ ನಡಿಗೆ ಒಳ್ಳೆಯದು. ತಗ್ಗಿಸಿದ ಕತ್ತಿಗೂ, ಸೂಜಿಯ ಮೊನೆ ನೋಡಿ ದಣಿದ ಕಣ್ಣಿಗೂ ದೂರದ ನೋಟ ಹೇಗೂ ಬೇಕಲ್ಲ. 2021ರ ಆಗಸ್ಟ್‌ನಲ್ಲಿ ನೇರಳೆ ಮೆಟ್ರೊ ಕೆಂಗೇರಿಯವರೆಗೆ ಬಂದ ಮೇಲೆ ವಿಜಯನಗರದವರಿಗೆ ಜ್ಞಾನಭಾರತಿ ನಿಲ್ದಾಣ ಒಂದೇ ರೈಲಿನ ದಾರಿ. ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಸಾವಿರ ಎಕರೆಗೂ ಮಿಕ್ಕ ಬೆಂಗಳೂರು ವಿಶ್ವವಿದ್ಯಾಲಯದ ಆವರಣ, ಅದರಾಚೆ ಮಲ್ಲತ್ತಹಳ್ಳಿ ಕೆರೆ. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು.

ಅಲ್ಲಿ ಗಮನಿಸಬೇಕಾದದ್ದು ಯಾವ ಬಣ್ಣ ಎಂಬುದಕ್ಕಿಂತ ಎಷ್ಟು ಎಂಬುದು. ಕೆರೆಯಂಚಿನಲ್ಲಿ ಕೂತ ಕೊಳದ ಬಕ ಮಾಸಲು ಕಂದು, ಬೆನ್ನಿಗೂ ದಡದ ಕೆಸರಿಗೂ ವ್ಯತ್ಯಾಸವೇ ತಿಳಿಯದು. ಹಾರಿದ ಕ್ಷಣ ರೆಕ್ಕೆಗಳೆರಡೂ ಅಚ್ಚ ಬಿಳಿ! ಬಹುಪಾಲು ಕಂದು ಬಳಸಿ ಒಂದೆರಡು ಕಡೆ ಮಾತ್ರ ಬಿಳಿ ಇಟ್ಟ ಕೌದಿಗೆ ಆ ಬೆಡಗು ಬರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲಾದರೂ ಮುತ್ತುಗ ಹೂ ಬಿಟ್ಟಿದ್ದರೆ ಬಿದ್ದ ಹೂವನ್ನು ಎತ್ತಿಕೊಂಡು ತೊಟ್ಟಿನ ಕಡೆ ನೋಡಿ. ಕೇಸರಿ ಎಸಳನ್ನು ಹಿಡಿದಿರುವ ಪುಷ್ಪಪಾತ್ರೆ ಮಖಮಲ್ಲಿನಂಥ ಕಡುಗಂದು. ಆ ಕಂದಿನಿಂದಲೇ ಕೇಸರಿ ಉರಿಯುವಂತೆ ಕಾಣುವುದು. ಕೇಸರಿ ಚೂರಿನ ಪಕ್ಕ ಹಳದಿಯನ್ನಿಟ್ಟರೆ ಎರಡೂ ಮಂಕು; ಕಡುಗಂದಿನ ಒಂದು ಪಟ್ಟಿ ಇಟ್ಟರೆ ಸಾಕು. ಯುಗಾದಿ ಹೊತ್ತಿನ ಹೊಂಗೆ ಚಿಗುರಿನ ಹಸಿರು ಮಾತ್ರ ಬಟ್ಟೆಯಲ್ಲಿ ಸಿಗುವುದಿಲ್ಲ, ಹುಡುಕಿ ಸುಸ್ತಾಗಬೇಡಿ.

ಎಲೆ, ಹೂ ಜಜ್ಜಿ ಬಟ್ಟೆಗೆ ಅಚ್ಚು ಹಾಕುವ ಆಸೆ ಬಂದೇ ಬರುತ್ತದೆ. ಪಟಿಕದ ನೀರಿನಲ್ಲಿ ಅದ್ದದ ಬಟ್ಟೆಗೆ ಆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹೊದೆಯುವ ಕೌದಿಗೆ ಆ ತಂಟೆ ಬೇಡ.

ಮುಗಿದ ಕೌದಿಯನ್ನು ಒಗೆದಾಗ ಭಾರ ತಿಳಿಯುತ್ತದೆ. ಬಾಲ್ಕನಿಯ ಹಗ್ಗ ತಡೆಯುವುದಿಲ್ಲ. ಹಿಂಡದೆ ನೀರಿಳಿಸಿ, ಇಬ್ಬರು ಹಿಡಿದು ತಾರಸಿ ಗೋಡೆಯ ಮೇಲೆ ಹರವಿ, ಮಧ್ಯಾಹ್ನ ಮಗ್ಗುಲು ಬದಲಿಸಬೇಕು. ಮಳೆಗಾಲದಲ್ಲಿ ಒಳಪದರ ಒಣಗದೆ ಮುಗ್ಗುಲು ವಾಸನೆ ಹಿಡಿಯುತ್ತದೆ, ಒಗೆತವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.